ಇಂಕಾಗಳ ನಾಡಿನಲ್ಲಿ ಒಂದು ವಾರದ ಪಾಠ

"ಕೋಶ ಓದು, ದೇಶ ಸುತ್ತು" ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಈ ಎರಡನ್ನೂ ಒಟ್ಟಿಗೆ ಮಾಡುವ ಅವಕಾಶ ಕಳೆದ ಬೇಸಿಗೆ ರಜೆಯಲ್ಲಿ ನಮಗೆ ಒದಗಿತು. ನಮ್ಮ ಶಾಲೆಯ ಮೂರು ಕುಟುಂಬಗಳ ಒಂಬತ್ತು ಮಂದಿ ಅಮೆರಿಕದಿಂದ ಹೊರಟು, ದಕ್ಷಿಣ ಅಮೆರಿಕದ ಪೆರು ದೇಶದಲ್ಲಿರುವ ಇಂಕಾಗಳ ಪ್ರಾಚೀನ ಸ್ಥಳಗಳನ್ನು ನೋಡಿ ಬಂದೆವು. ನಮ್ಮಲ್ಲಿ ನಾಲ್ವರು ಮಕ್ಕಳು, ಊರಿನಿಂದ ಬಂದಿದ್ದ ಒಬ್ಬ ತಾತ, ಉಳಿದವರು ದೊಡ್ಡವರು. ದೊಡ್ಡ ಬಸ್ಸಿನ ಪ್ರವಾಸ ಬೇಡವೆಂದು ನಿರ್ಧರಿಸಿ, ಒಬ್ಬ ಸ್ಥಳೀಯ ಮಾರ್ಗದರ್ಶಿಯೊಡನೆ ಸಣ್ಣ ಗುಂಪಾಗಿ ತಿರುಗಾಡಿದೆವು. ಅಲ್ಲಿ ಕಲಿತದ್ದನ್ನು ನಿಮ್ಮೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಹೊರಡುವ ಮೊದಲು ಮಕ್ಕಳು ಟಿ.ವಿ.ಯಲ್ಲಿ ಒಂದು ಕಾರ್ಯಕ್ರಮ ನೋಡಿದ್ದರು. ಅಷ್ಟು ದೊಡ್ಡ ಕಲ್ಲುಗಳನ್ನು ಮನುಷ್ಯರು ಎತ್ತಿ ಜೋಡಿಸಿರಲು ಸಾಧ್ಯವಿಲ್ಲ, ಬೇರೆ ಗ್ರಹದವರು ಬಂದು ಕಟ್ಟಿರಬೇಕು ಎಂದು ಅದರಲ್ಲಿ ಹೇಳಿದ್ದರಂತೆ. ವಿಮಾನ ನಿಲ್ದಾಣದಲ್ಲಿ ಮಾರ್ಗದರ್ಶಿ ಸಿಕ್ಕಿದ ಕೂಡಲೇ ಮಕ್ಕಳು ಕೇಳಿದ ಮೊದಲ ಪ್ರಶ್ನೆಯೇ ಅದು. ಅವರು ನಕ್ಕು, "ಈಗ ಹೇಳುವುದಿಲ್ಲ. ಮೊದಲು ಕಣ್ಣಾರೆ ನೋಡಿ, ಆಮೇಲೆ ಮಾತಾಡೋಣ" ಎಂದರು.

ಇಂಕಾಗಳು ಯಾರು?

'ಇಂಕಾ' ಎಂಬುದು ಅರಸನನ್ನು ಕರೆಯುತ್ತಿದ್ದ ಹೆಸರು. ಅವರು ತಮ್ಮ ರಾಜ್ಯವನ್ನು 'ತವಂತಿನ್‌ಸುಯು', ಅಂದರೆ ನಾಲ್ಕು ಭಾಗಗಳು ಕೂಡಿದ ನಾಡು ಎಂದು ಕರೆಯುತ್ತಿದ್ದರು. ಆಂಡಿಸ್ ಪರ್ವತಗಳ ನಡುವಿನ ಕುಸ್ಕೋ ಅವರ ರಾಜಧಾನಿ. 15ನೇ ಶತಮಾನದಲ್ಲಿ ಪಚಕುತಿ ಎಂಬ ಅರಸನ ಕಾಲದಿಂದ ಈ ರಾಜ್ಯ ಬಹು ಬೇಗ ಬೆಳೆಯಿತು. ಅದರ ರಸ್ತೆಗಳ ಜಾಲ ಸುಮಾರು 40,000 ಕಿ.ಮೀ.ಗಳಷ್ಟಿತ್ತು. ಅವರಲ್ಲಿ ಅಕ್ಷರಗಳ ಬರವಣಿಗೆ ಇರಲಿಲ್ಲ. 'ಕಿಪು' ಎಂಬ ದಾರಗಳಲ್ಲಿ ಗಂಟು ಹಾಕಿ ಲೆಕ್ಕ ಇಡುತ್ತಿದ್ದರು. ಕುದುರೆ ಇರಲಿಲ್ಲ, ಎತ್ತು ಇರಲಿಲ್ಲ, ಗಾಡಿಯ ಚಕ್ರ ಇರಲಿಲ್ಲ, ಕಬ್ಬಿಣವೂ ಇರಲಿಲ್ಲ.

ಕಾಲವನ್ನು ನೆನಪಿಡಲು ಮಕ್ಕಳಿಗೆ ಒಂದು ಸುಲಭದ ದಾರಿ ಇದೆ. ನಮ್ಮ ಹಂಪಿಯಲ್ಲಿ ಕೃಷ್ಣದೇವರಾಯ 1509ರಿಂದ 1529ರವರೆಗೆ ಆಳಿದ. ಆ ವರ್ಷಗಳಲ್ಲೇ ಇಂಕಾ ನಾಡನ್ನು ಹುಯ್ನ ಕಪಾಕ್ ಎಂಬ ಅರಸ ಆಳುತ್ತಿದ್ದ. ಅವನ ಮರಣದ ನಂತರ ಮಕ್ಕಳಿಬ್ಬರ ನಡುವೆ ಯುದ್ಧವಾಯಿತು. 1532ರ ನವೆಂಬರ್ 16ರಂದು ಸ್ಪೇನಿನ ಫ್ರಾನ್ಸಿಸ್ಕೊ ಪಿಜಾರೊ, ಇನ್ನೂರಕ್ಕೂ ಕಡಿಮೆ ಸೈನಿಕರೊಡನೆ ಬಂದು ಕಹಮಾರ್ಕಾ ಎಂಬಲ್ಲಿ ಅರಸ ಅತಹುವಾಲ್ಪನನ್ನು ಸೆರೆಹಿಡಿದ. ಮರುವರ್ಷ ಅರಸನನ್ನು ಕೊಲ್ಲಿಸಿ ಕುಸ್ಕೋ ನಗರವನ್ನು ವಶಪಡಿಸಿಕೊಂಡ.

ಎತ್ತರ ಕಲಿಸಿದ ಪಾಠ

ಕುಸ್ಕೋ ನಗರ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾಗಿರುವುದರಿಂದ ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಕಡಿಮೆ. ಮೊದಲ ದಿನ ಸಂಪೂರ್ಣ ವಿಶ್ರಾಂತಿ ಬೇಕೆಂದು ಮಾರ್ಗದರ್ಶಿ ಹೇಳಿದ್ದರು. ನಾವು ಕೇಳಲಿಲ್ಲ. ಸಂಜೆಯೇ ಪೇಟೆ ಸುತ್ತಲು ಹೊರಟೆವು. ರಾತ್ರಿ ತಾತನಿಗೆ ತಲೆನೋವು, ವಾಂತಿ, ಏದುಸಿರು ಶುರುವಾಯಿತು. ವೈದ್ಯರು ಬಂದು ನೋಡಿ ಆಮ್ಲಜನಕ ಕೊಟ್ಟು, ಇನ್ನೂ ಕೆಳಗಿನ ಜಾಗಕ್ಕೆ ಹೋದರೆ ಒಳ್ಳೆಯದು ಎಂದರು. ಆ ರಾತ್ರಿ ನಮಗೆಲ್ಲ ನಿಜವಾಗಿಯೂ ಭಯವಾಗಿತ್ತು.

ಮಾರನೆಯ ದಿನದ ಕಾರ್ಯಕ್ರಮವನ್ನು ಬಿಟ್ಟು, ಸುಮಾರು 600 ಮೀಟರ್ ಕೆಳಗಿರುವ ಒಯಂತೈತಂಬೊ ಊರಿಗೆ ಇಳಿದೆವು. ಸಂಜೆಯ ಹೊತ್ತಿಗೆ ತಾತ ಚೇತರಿಸಿಕೊಂಡು ಸಾರು-ಅನ್ನದಂಥದ್ದು ಏನಾದರೂ ಸಿಕ್ಕೀತೇ ಎಂದು ವಿಚಾರಿಸತೊಡಗಿದರು. ನಲವತ್ತು ಮಂದಿಯ ಬಸ್ಸಿನಲ್ಲಿ ಹೋಗಿದ್ದರೆ ನಮಗಾಗಿ ಯಾರೂ ಹೀಗೆ ಕಾರ್ಯಕ್ರಮ ಬದಲಾಯಿಸುತ್ತಿರಲಿಲ್ಲ. ಪಿಸಾಕ್ ಎಂಬ ಊರಿನ ಪ್ರಸಿದ್ಧ ಮೆಟ್ಟಿಲು ಹೊಲಗಳನ್ನು ಮಾತ್ರ ನಾವು ನೋಡಲಾಗಲಿಲ್ಲ. ತಪ್ಪು ನಮ್ಮದೇ.

ದಣಿದ ಕಲ್ಲುಗಳು

ಒಯಂತೈತಂಬೊ ಊರಿನ ಬೀದಿಗಳು ಇಂಕಾ ಕಾಲದ ವಿನ್ಯಾಸದಲ್ಲೇ ಇವೆ. ಬೀದಿಯ ಪಕ್ಕದ ಕಲ್ಲಿನ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ, ಮನೆಗಳಲ್ಲಿ ಜನ ವಾಸವಾಗಿದ್ದಾರೆ. 1537ರಲ್ಲಿ ಮಾಂಕೊ ಇಂಕಾ ಎಂಬ ಅರಸ ಸ್ಪೇನಿನವರ ಸೈನ್ಯವನ್ನು ಹಿಮ್ಮೆಟ್ಟಿಸಿದ್ದು ಇದೇ ಊರಿನಲ್ಲಿ.

ಊರಿನ ಮೇಲಿನ ಗುಡ್ಡದಲ್ಲಿ ಅರ್ಧಕ್ಕೆ ನಿಂತ ಒಂದು ದೇವಾಲಯವಿದೆ. ಅದರ ಆರು ಭಾರೀ ಕಲ್ಲುಗಳು ಸಾಲಾಗಿ ನಿಂತಿವೆ. ಒಂದೊಂದೂ ಹತ್ತಾರು ಟನ್ ತೂಕದ್ದು. ಮಾರ್ಗದರ್ಶಿ ನಮ್ಮನ್ನು ಅಲ್ಲಿ ಕೂರಿಸಿ, ನದಿಯ ಆಚೆ ಎದುರಿನ ಬೆಟ್ಟವನ್ನು ತೋರಿಸಿದರು. ಕಲ್ಲು ಕಡಿದ ಕಣಿವೆ ಇರುವುದು ಅಲ್ಲಿ, ಹಲವು ಕಿ.ಮೀ. ದೂರದಲ್ಲಿ. ಅಲ್ಲಿಂದ ಇಲ್ಲಿಗೆ ಬರುವ ದಾರಿಯಲ್ಲಿ ಅಲ್ಲಲ್ಲಿ ದೊಡ್ಡ ಕಲ್ಲುಗಳು ಬಿದ್ದಿವೆ. ಎಳೆದು ತರುವಾಗ ಕೆಲಸ ನಿಂತುಹೋಗಿ ಉಳಿದ ಕಲ್ಲುಗಳು ಅವು. ಊರಿನವರು ಅವನ್ನು 'ದಣಿದ ಕಲ್ಲುಗಳು' ಎನ್ನುತ್ತಾರೆ.

"ಈಗ ಹೇಳಿ ಮಕ್ಕಳೇ," ಎಂದರು ಮಾರ್ಗದರ್ಶಿ. "ಆಕಾಶದಿಂದ ಬಂದವರು ಕಲ್ಲನ್ನು ಅರ್ಧ ದಾರಿಯಲ್ಲಿ ಬಿಟ್ಟು ಹೋಗುತ್ತಾರೆಯೇ? ದಣಿಯುವವರು ಮನುಷ್ಯರು."

ನಂತರ ಒಂದು ಕಲ್ಲಿನ ಮೇಲ್ಮೈಯನ್ನು ಹತ್ತಿರದಿಂದ ನೋಡಲು ಹೇಳಿದರು. ನಡುವೆ ದೊಡ್ಡ ಗುಳಿಗಳು, ಅಂಚಿನಲ್ಲಿ ಸಣ್ಣ ಸಣ್ಣ ಗುಳಿಗಳು ಕಾಣುತ್ತಿದ್ದವು. ಗಟ್ಟಿಯಾದ ಗುಂಡುಕಲ್ಲಿನಿಂದ ಬಡಿದು ಬಡಿದು ಬಂಡೆಯನ್ನು ರೂಪಿಸಿದ ಗುರುತು ಅದು. ಅಂಚು ಒಡೆಯದಿರಲೆಂದು ಅಲ್ಲಿ ಚಿಕ್ಕ ಕಲ್ಲಿನಿಂದ ಮೆಲ್ಲಗೆ ಬಡಿಯುತ್ತಿದ್ದರು. 1980ರ ದಶಕದಲ್ಲಿ ಜಾನ್ ಪಿಯರ್ ಪ್ರೊಟ್ಜನ್ ಎಂಬ ವಾಸ್ತುಶಿಲ್ಪದ ಪ್ರಾಧ್ಯಾಪಕರು ಇದೇ ರೀತಿ ಗುಂಡುಕಲ್ಲುಗಳಿಂದ ಸ್ವತಃ ಬಡಿದು ನೋಡಿ, ಬಂಡೆಯನ್ನು ಬೇಗನೇ ಆಕಾರಕ್ಕೆ ತರಬಹುದೆಂದು ತೋರಿಸಿಕೊಟ್ಟರು.

ಅಷ್ಟು ಜನ ಎಲ್ಲಿಂದ ಬಂದರು ಎಂದು ನಮ್ಮಲ್ಲೊಬ್ಬರು ಕೇಳಿದೆವು. ಇಂಕಾ ರಾಜ್ಯದಲ್ಲಿ ತೆರಿಗೆಯನ್ನು ಹಣವಾಗಿ ಕೊಡುತ್ತಿರಲಿಲ್ಲ. ಪ್ರತಿ ಕುಟುಂಬವೂ ಸರದಿಯ ಮೇಲೆ ದುಡಿಮೆ ಕೊಡಬೇಕಿತ್ತು. ಇದಕ್ಕೆ 'ಮಿತ' ಎಂದು ಹೆಸರು. ಹಳ್ಳಿಯೊಳಗೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಬಂದು ದುಡಿಯುವ ಪದ್ಧತಿಗೆ 'ಐನಿ' ಎನ್ನುತ್ತಾರೆ. ಅದು ಇಂದಿಗೂ ಇದೆ. ಇದನ್ನು ಕೇಳಿದ ತಾತ ಥಟ್ಟನೆ, "ಅಯ್ಯೋ, ಇದು ನಮ್ಮ ಮುಯ್ಯಾಳು ಅಲ್ಲವೇ!" ಎಂದರು. ಮುಯ್ಯಾಳು ಎಂದರೇನೆಂದು ನಮ್ಮ ಮಕ್ಕಳಿಗೆ ಗೊತ್ತಿರಲಿಲ್ಲ. ನಾಟಿಯ ಕಾಲದಲ್ಲಿ ಕೂಲಿ ಇಲ್ಲದೆ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗುತ್ತಿದ್ದುದನ್ನು ತಾತ ಕನ್ನಡದಲ್ಲಿ ಹೇಳಿದರು, ಮಕ್ಕಳು ಅದನ್ನು ಇಂಗ್ಲಿಷಿನಲ್ಲಿ ಮಾರ್ಗದರ್ಶಿಗೆ ಹೇಳಿದರು. ಆ ದಿನದಿಂದ ತಾತ ಮತ್ತು ಅವರು ಭಾಷೆ ಬಾರದಿದ್ದರೂ ಸ್ನೇಹಿತರಾದರು.

ಹೊಲವೂ ಒಂದು ಪ್ರಯೋಗಶಾಲೆ

ಮೊರಾಯ್ ಎಂಬಲ್ಲಿ ದೊಡ್ಡ ಬಟ್ಟಲಿನ ಆಕಾರದ ತಗ್ಗಿನಲ್ಲಿ ವೃತ್ತ ವೃತ್ತವಾಗಿ ಮೆಟ್ಟಿಲು ಹೊಲಗಳಿವೆ. ಮೇಲಿನ ಮೆಟ್ಟಿಲಿಗೂ ಕೆಳಗಿನ ಮೆಟ್ಟಿಲಿಗೂ ಉಷ್ಣತೆಯಲ್ಲಿ ವ್ಯತ್ಯಾಸವಿದೆ. ಆದ್ದರಿಂದ ಬೇರೆ ಬೇರೆ ಬೆಳೆಗಳನ್ನು ಪರೀಕ್ಷಿಸುವ ಜಾಗ ಇದಾಗಿರಬಹುದೆಂದು ಹಲವು ವಿದ್ವಾಂಸರ ಊಹೆ. ಸಮೀಪದ ಮಾರಾಸ್‌ನಲ್ಲಿ ಬೆಟ್ಟದ ಇಳಿಜಾರಿನ ಸಾವಿರಾರು ಪುಟ್ಟ ಮಡಿಗಳಲ್ಲಿ ಉಪ್ಪುನೀರನ್ನು ಒಣಗಿಸಿ, ಊರಿನ ಕುಟುಂಬಗಳು ಇಂದಿಗೂ ಉಪ್ಪು ತೆಗೆಯುತ್ತವೆ.

ಆಲೂಗಡ್ಡೆಯ ತವರು ಈ ಆಂಡಿಸ್ ಪರ್ವತಗಳೇ. ನಮ್ಮ ಮಸಾಲೆ ದೋಸೆಯೊಳಗಿನ ಪಲ್ಯ ಹುಟ್ಟಬೇಕಾದರೆ ಇಲ್ಲಿನ ರೈತರು ಸಾವಿರಾರು ವರ್ಷ ದುಡಿಯಬೇಕಾಯಿತು. ಪೆರುವಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಬಗೆಯ ಆಲೂಗಡ್ಡೆಗಳಿವೆ. ರಾತ್ರಿಯ ಮಂಜಿನಲ್ಲಿ ಹೆಪ್ಪುಗಟ್ಟಿಸಿ, ಹಗಲು ಕಾಲಿನಿಂದ ತುಳಿದು ನೀರು ಹಿಂಡಿ, ಬಿಸಿಲಿನಲ್ಲಿ ಒಣಗಿಸಿದ ಆಲೂಗಡ್ಡೆಗೆ 'ಚುನ್ಯೊ' ಎನ್ನುತ್ತಾರೆ. ಅದು ವರ್ಷಗಟ್ಟಲೆ ಕೆಡುವುದಿಲ್ಲ. ಮಳೆಗಾಲಕ್ಕೆಂದು ಹಪ್ಪಳ ಸಂಡಿಗೆ ಒಣಗಿಸಿಡುವ ನಮ್ಮ ಅಜ್ಜಿಯಂದಿರಿಗೆ ಈ ಜಾಣ್ಮೆ ಕೂಡಲೇ ಅರ್ಥವಾದೀತು.

ಮಚು ಪಿಚು

ಒಯಂತೈತಂಬೊದಿಂದ ರೈಲಿನಲ್ಲಿ ಹೋಗಿ, ಕೊನೆಯ ಊರಿನಿಂದ ಬಸ್ಸಿನಲ್ಲಿ ಬೆಟ್ಟ ಹತ್ತಿದರೆ ಮಚು ಪಿಚು. ಈ ಹೆಸರಿಗೆ 'ಹಳೆಯ ಶಿಖರ' ಎಂದರ್ಥ. ಇದರ ಎತ್ತರ ಸುಮಾರು 2,430 ಮೀಟರ್, ಅಂದರೆ ಕುಸ್ಕೋಗಿಂತ ಸುಮಾರು ಸಾವಿರ ಮೀಟರ್ ಕೆಳಗೆ! ತಾತ ಇಲ್ಲಿ ಯಾವ ತೊಂದರೆಯೂ ಇಲ್ಲದೆ ನಡೆದಾಡಿದರು. 1983ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. 2007ರಲ್ಲಿ ಜನರ ಮತದಿಂದ ಆಯ್ಕೆಯಾದ ಹೊಸ ಏಳು ಅದ್ಭುತಗಳಲ್ಲಿ ನಮ್ಮ ತಾಜ್ ಮಹಲಿನ ಜೊತೆ ಇದೂ ಒಂದು.

ಎಲ್ಲರೂ ಗೋಡೆಗಳನ್ನು ನೋಡುತ್ತಾರೆ. ನಮ್ಮ ಮಾರ್ಗದರ್ಶಿ ನೆಲವನ್ನು ನೋಡಲು ಹೇಳಿದರು. ಇಲ್ಲಿ ವರ್ಷಕ್ಕೆ ಸುಮಾರು 2,000 ಮಿ.ಮೀ. ಮಳೆ ಬೀಳುತ್ತದೆ. ಕಡಿದಾದ ಬೆಟ್ಟ ಕುಸಿಯದಿರಲೆಂದು ಇಂಕಾಗಳು ಮೆಟ್ಟಿಲು ಹೊಲಗಳ ಅಡಿಯಲ್ಲಿ ದೊಡ್ಡ ಕಲ್ಲು, ಅದರ ಮೇಲೆ ಜಲ್ಲಿ ಮತ್ತು ಮರಳು, ಮೇಲೆ ಫಲವತ್ತಾದ ಮಣ್ಣು ಹೀಗೆ ಪದರ ಪದರವಾಗಿ ತುಂಬಿದರು. ನೀರು ನಿಲ್ಲದೆ ಇಳಿದುಹೋಗುತ್ತದೆ. ಕಟ್ಟಡ ಕೆಲಸದ ಅರ್ಧಕ್ಕೂ ಹೆಚ್ಚು ಪಾಲು ನೆಲದಡಿಯಲ್ಲಿದೆ ಎಂದು ಎಂಜಿನಿಯರುಗಳು ಅಂದಾಜಿಸಿದ್ದಾರೆ. ಸುಮಾರು 750 ಮೀಟರ್ ಉದ್ದದ ಕಾಲುವೆಯಲ್ಲಿ ಚಿಲುಮೆಯ ನೀರು ಬಂದು, ಒಂದರ ಕೆಳಗೊಂದಿರುವ 16 ತೊಟ್ಟಿಗಳಿಗೆ ಬೀಳುತ್ತಿತ್ತು.

1911ರ ಜುಲೈ 24ರಂದು ಅಮೆರಿಕದ ಹೈರಂ ಬಿಂಗ್‌ಹ್ಯಾಮ್ ಮಚು ಪಿಚುವನ್ನು 'ಕಂಡುಹಿಡಿದ'ರೆಂದು ಎಷ್ಟೋ ಪುಸ್ತಕಗಳಲ್ಲಿದೆ. ಆದರೆ ಅಂದು ಅವರಿಗೆ ದಾರಿ ತೋರಿಸಿದವರು ಮೆಲ್ಚೊರ್ ಆರ್ತೆಯಾಗ ಎಂಬ ಸ್ಥಳೀಯ ರೈತ. ಮೇಲೆ ಆಗಲೇ ರೈತ ಕುಟುಂಬಗಳು ಬೇಸಾಯ ಮಾಡುತ್ತಿದ್ದವು. ಒಬ್ಬ ಹುಡುಗನೇ ಅವರನ್ನು ಒಳಗೆಲ್ಲ ಸುತ್ತಾಡಿಸಿದ. ಅಲ್ಲಿನ ಒಂದು ಗೋಡೆಯ ಮೇಲೆ ಅಗಸ್ಟಿನ್ ಲಿಸರ್ರಾಗ ಎಂಬವರ ಹೆಸರು ಮತ್ತು 1902 ಎಂಬ ಇಸವಿ ಬರೆದಿತ್ತು. ಬಿಂಗ್‌ಹ್ಯಾಮ್ ಅದನ್ನು ಲೋಕಕ್ಕೆ ಪರಿಚಯಿಸಿದರು ಎನ್ನುವುದೇ ಸರಿ. ಅವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಒಯ್ದ ವಸ್ತುಗಳು ಸುಮಾರು ನೂರು ವರ್ಷಗಳ ನಂತರ, 2011 ಮತ್ತು 2012ರಲ್ಲಿ ಪೆರುವಿಗೆ ಹಿಂತಿರುಗಿದವು.

ಮರಳಿ ಕುಸ್ಕೋಗೆ

ಕೊನೆಯ ಎರಡು ದಿನ ಕುಸ್ಕೋದಲ್ಲಿ ನಿಧಾನವಾಗಿ ನಡೆದೆವು. ಕೋರಿಕಾಂಚ ಎಂಬ ಸೂರ್ಯ ದೇವಾಲಯದ ಮೇಲೆ ಸ್ಪೇನಿನವರು ತಮ್ಮ ಮಠವನ್ನು ಕಟ್ಟಿದ್ದರು. 1950ರ ಭೂಕಂಪದಲ್ಲಿ ಮಠಕ್ಕೆ ಭಾರೀ ಹಾನಿಯಾಯಿತು. ಗಾರೆ ಇಲ್ಲದೆ ಜೋಡಿಸಿದ ಇಂಕಾ ಗೋಡೆಗಳು ಹಾಗೆಯೇ ನಿಂತವು. ಕಲ್ಲುಗಳು ಒಂದಕ್ಕೊಂದು ಬಿಗಿಯಾಗಿ ಕೂತಿರುವುದು, ಗೋಡೆ ಒಳಕ್ಕೆ ಸ್ವಲ್ಪ ವಾಲಿರುವುದು, ಬಾಗಿಲುಗಳು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿರುವುದು ಇದಕ್ಕೆ ಕಾರಣ. ನಗರದ ಮೇಲಿರುವ ಸಕ್ಸಾಯ್‌ವಮನ್‌ನಲ್ಲಿ ನೂರು ಟನ್ನಿಗೂ ಮಿಕ್ಕಿದ ಕಲ್ಲುಗಳಿವೆ. ಹನ್ನೆರಡು ಮೂಲೆಗಳ ಪ್ರಸಿದ್ಧ ಕಲ್ಲು ಒಂದು ಬೀದಿಯ ಗೋಡೆಯಲ್ಲಿದೆ. 2025ರ ಫೆಬ್ರವರಿಯಲ್ಲಿ ಒಬ್ಬಾತ ಅದನ್ನು ಬಡಿದು ಕೆಲವು ಕಡೆ ಚಕ್ಕೆ ಎಬ್ಬಿಸಿದ. ಐನೂರು ವರ್ಷ ಉಳಿದದ್ದನ್ನು ಕೆಡಿಸಲು ಕೆಲವೇ ನಿಮಿಷ ಸಾಕು.

ನಮ್ಮ ಮಾರ್ಗದರ್ಶಿಯ ಮನೆಮಾತು ಕೆಚುವಾ, ಇಂಕಾಗಳ ಭಾಷೆ. 1975ರಲ್ಲಿ ಪೆರು ಅದಕ್ಕೆ ಅಧಿಕೃತ ಭಾಷೆಯ ಸ್ಥಾನ ಕೊಟ್ಟಿತು. 2017ರ ಜನಗಣತಿಯಂತೆ ಆ ದೇಶದಲ್ಲಿ 37 ಲಕ್ಷಕ್ಕೂ ಹೆಚ್ಚು ಮಂದಿಗೆ ಅದು ಮಾತೃಭಾಷೆ. ಆದರೂ ತಾವು ಚಿಕ್ಕವರಿದ್ದಾಗ ಶಾಲೆಯಲ್ಲಿ ಅದನ್ನು ಮಾತಾಡಲು ನಾಚುತ್ತಿದ್ದೆವೆಂದು ಅವರು ಹೇಳಿದರು. "ಇಂಕಾಗಳು ಎಲ್ಲಿ ಮಾಯವಾದರು ಎಂದು ಎಲ್ಲರೂ ನನ್ನನ್ನೇ ಕೇಳುತ್ತಾರೆ. ನಾನು ಅವರ ಎದುರಿಗೇ ನಿಂತಿರುತ್ತೇನೆ" ಎಂದು ನಕ್ಕರು.

ವಿದಾಯದ ಹೊತ್ತಿನಲ್ಲಿ ನಮ್ಮ ಕಿರಿಯ ಹುಡುಗಿ ಅವರ ಬಳಿ ಹೋಗಿ, "ಟಿ.ವಿ.ಯಲ್ಲಿ ಹೇಳಿದ್ದು ಸುಳ್ಳು. ನಿಮ್ಮ ತಾತಂದಿರೇ ಕಟ್ಟಿದ್ದು" ಎಂದಳು. ನಂತರ ತಾನು ಕಲಿತಿದ್ದ ಕೆಚುವಾ ಪದದಲ್ಲಿ 'ಸುಲ್ಪಾಯ್ಕಿ', ಅಂದರೆ ನಿಮಗೆ ಧನ್ಯವಾದ ಎಂದಳು. ಅವರು ಕೈಮುಗಿದು, ತಾತ ಕಲಿಸಿದ್ದ "ಹೋಗಿ ಬನ್ನಿ" ಎಂಬ ಮಾತನ್ನು ಕನ್ನಡದಲ್ಲೇ ಹೇಳಿದರು.

ಪೋಷಕರಿಗೆ ಕೆಲವು ಸೂಚನೆಗಳು

1. ಮೊದಲ ಎರಡು ರಾತ್ರಿ ಕುಸ್ಕೋ ಬದಲು ಕೆಳಗಿನ ಕಣಿವೆಯಲ್ಲಿ ತಂಗಿರಿ. ಹೊರಡುವ ಮುನ್ನ ವೈದ್ಯರನ್ನು ಕಾಣಿರಿ, ಮುಖ್ಯವಾಗಿ ಹಿರಿಯರು ಜೊತೆಗಿದ್ದರೆ.
2. ಮಚು ಪಿಚು ಟಿಕೆಟ್ಟಿನಲ್ಲಿ ದಿನ, ಸಮಯ ಮತ್ತು ನಡೆಯುವ ದಾರಿ ನಿಗದಿಯಾಗಿರುತ್ತದೆ. ಬಹಳ ಮುಂಚಿತವಾಗಿ ಕೊಳ್ಳಿರಿ. ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ.
3. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮಳೆ ಕಡಿಮೆ, ರಾತ್ರಿ ಚಳಿ ಹೆಚ್ಚು. ಬೆಚ್ಚನೆಯ ಉಡುಪು ಇರಲಿ.
4. ಅಲ್ಲಿ ಕೋಕಾ ಎಲೆಯ ಚಹಾ ಸಾಮಾನ್ಯ. ಆದರೆ ಆ ಎಲೆಯನ್ನಾಗಲಿ ಚಹಾ ಪೊಟ್ಟಣವನ್ನಾಗಲಿ ಅಮೆರಿಕಕ್ಕೆ ತರುವುದು ಕಾನೂನಿಗೆ ವಿರುದ್ಧ.
5. ಗುಂಪು ಚಿಕ್ಕದಾಗಿರಲಿ, ಮಾರ್ಗದರ್ಶಿ ಆ ಊರಿನವರಾಗಿರಲಿ.

ಮಕ್ಕಳೇ, ಯೋಚಿಸಿ ಉತ್ತರಿಸಿ

1. 'ದಣಿದ ಕಲ್ಲುಗಳು' ನಮಗೆ ಏನನ್ನು ತಿಳಿಸುತ್ತವೆ?
2. ಮೆಟ್ಟಿಲು ಹೊಲದ ಅಡಿಯಲ್ಲಿ ಕಲ್ಲು, ಜಲ್ಲಿ ಹಾಕದಿದ್ದರೆ ಮಳೆಗಾಲದಲ್ಲಿ ಏನಾಗುತ್ತಿತ್ತು?
3. ಮಚು ಪಿಚುವನ್ನು 'ಕಂಡುಹಿಡಿದರು' ಎಂಬ ಮಾತು ಏಕೆ ಸರಿಯಲ್ಲ?
4. 'ಮುಯ್ಯಾಳು' ಎಂಬ ಪದದ ಬಗ್ಗೆ ನಿಮ್ಮ ಅಜ್ಜ ಅಜ್ಜಿಯರನ್ನು ಫೋನಿನಲ್ಲಿ ಕೇಳಿ, ಅವರು ಹೇಳಿದ್ದನ್ನು ಐದು ವಾಕ್ಯಗಳಲ್ಲಿ ಕನ್ನಡದಲ್ಲಿ ಬರೆಯಿರಿ.