ಬಿ.ಎಸ್ಸಿ. ಜತೆ ಕಲಿತ ಗೇರು ಕಸಿ

ಬೆಳಗಾವಿಯಲ್ಲಿ ಬಿ.ಎಸ್ಸಿ. ಓದುವಾಗ ಮಳೆಗಾಲದ ಭಾನುವಾರಗಳಲ್ಲಿ ಖಾನಾಪುರದ ನರ್ಸರಿಗೆ ಹೋಗಿ ಗೇರು ಕಸಿ ಕಲಿತೆ. ತೊಗಟೆಯಡಿಯ ಕ್ಯಾಂಬಿಯಂ ಪದರದ ಚಿತ್ರ ಪರೀಕ್ಷೆಯಲ್ಲಿ ಬಿಡಿಸಿದವ ನಾನು. ಆದರೂ ಮೊದಲು ಕಟ್ಟಿದ 40ರಲ್ಲಿ ಬದುಕಿದ್ದು ಆರೇ!

"ತಮ್ಮಾ, ಕಡ್ಡಿ ಕಡಿಯೋ ವಾರದ ಮೊದಲ ಎಲಿ ಕತ್ತರಸಬೇಕು, ತೊಟ್ಟು ಬಿಡಬೇಕು" ಎಂದರು ಅಲ್ಲಿನ ಕಾಕಾ. ತೊಟ್ಟು ಉದುರುವ ಹೊತ್ತಿಗೆ ಮೊಗ್ಗು ಉಬ್ಬಿರುತ್ತದೆ. ಪೆನ್ಸಿಲ್ ದಪ್ಪದ, ಹೂ ಬಿಡದ ಕಡ್ಡಿಯೇ ಆಗಬೇಕು. ಒಂದೂವರೆ ತಿಂಗಳ ಸಸಿಯ ತುದಿ ಕತ್ತರಿಸಿ, ಸೀಳಿ, ಬೆಣೆಯಂತೆ ಕೆತ್ತಿದ ಕಡ್ಡಿ ಕೂಡಿಸಿ. ಕಡ್ಡಿ ಸಣ್ಣದಾದರೆ ನಡುವೆ ಬೇಡ, ಒಂದು ಬದಿಯಲ್ಲಾದರೂ ತೊಗಟೆಗೆ ತೊಗಟೆ ಸೇರಲಿ. (ಇದಿಷ್ಟು ಕಾಲೇಜಿನ ಪಾಠದಿಂದ ಹೊಳೆದದ್ದು, ಕಾಕಾನೂ ಒಪ್ಪಿದರು!) ಪ್ಲಾಸ್ಟಿಕ್ ಪಟ್ಟಿ ಬಿಗಿದು, ಮೇಲೆ ಪ್ಲಾಸ್ಟಿಕ್ ಟೋಪಿ ಹಾಕಿ ನೆರಳಲ್ಲಿಡಿ. ಚಿಗುರಿದಾಗ ಟೋಪಿ ತೆಗೆಯಿರಿ.

ಮೂರನೇ ವರ್ಷದ ಫೀ ತುಂಬಿದ್ದು ಈ ಕಸಿ ಕೂಲಿಯಿಂದಲೇ.