ಚಪ್ಪಟೆ ಟಿ.ವಿ.ಯ ಕಾಯಿಲೆಗಳೂ ಹೆಚ್ಚುವರಿ ವಾರಂಟಿಯ ಲೆಕ್ಕವೂ



ಹೊಸೂರು, ತಳಿ, ಡೆಂಕಣಿಕೋಟೆ, ಕೆಲಮಂಗಲದ ಕಡೆಯಲ್ಲಿ ಟಿ.ವಿ. ಇಲ್ಲದ ಮನೆಯನ್ನು ಇಂದು ಹುಡುಕಿ ನೋಡಬೇಕು. 2006ರಲ್ಲಿ ತಮಿಳುನಾಡು ಸರಕಾರವು ಉಚಿತ ಬಣ್ಣದ ಟಿ.ವಿ. ಯೋಜನೆಯನ್ನು ಆರಂಭಿಸಿದಾಗ ನಮ್ಮ ಹಳ್ಳಿಗಳಿಗೂ 14 ಅಂಗುಲದ ಪೆಟ್ಟಿಗೆಗಳು ಬಂದವು. ಅವು ಗಾಜಿನ ಕೊಳವೆಯವು, ಬೆನ್ನು ಉಬ್ಬಿದವು. ಕೆಟ್ಟರೆ ಊರಿನ ಮೆಕ್ಯಾನಿಕ್ಕು ಬೆಸುಗೆ ಕಡ್ಡಿ ಹಿಡಿದು ಬಂದು, ಯಾವುದೋ ಒಂದು ಬಿಡಿಭಾಗವನ್ನು ಬದಲಾಯಿಸಿ, ಕಾಫಿ ಕುಡಿದು ಹೋಗುತ್ತಿದ್ದ. ಈಗ ಅವುಗಳ ಜಾಗಕ್ಕೆ ಗೋಡೆಗೆ ಪಟದಂತೆ ತೂಗುವ ಚಪ್ಪಟೆ ಟಿ.ವಿ. ಬಂದಿದೆ. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದ್ದಾಗ ಪಾಠಗಳೇ ಟಿ.ವಿ.ಯಲ್ಲಿ ಬಂದುದನ್ನು ನಾವು ಕಂಡಿದ್ದೇವೆ. ಆದುದರಿಂದ ಟಿ.ವಿ. ಕೆಟ್ಟಿತೆಂದರೆ ಅದು ಕೇವಲ ಮನರಂಜನೆಯ ನಷ್ಟವಲ್ಲ.

ಹೊಸ ಟಿ.ವಿ. ಕೊಳ್ಳುವಾಗ ಅಂಗಡಿಯವರು ಬಿಲ್ಲು ಬರೆಯುವ ಮೊದಲು ಒಂದು ಮಾತು ಕೇಳುತ್ತಾರೆ: “ಸಾರ್, ಇನ್ನೆರಡು ವರ್ಷಕ್ಕೆ ಎಕ್ಸ್‌ಟೆಂಡೆಡ್ ವಾರಂಟಿ ಹಾಕಲೇ?” ಹೌದೆನ್ನಬೇಕೋ ಬೇಡವೆನ್ನಬೇಕೋ? ಇದನ್ನು ತಿಳಿಯಬೇಕಾದರೆ ಮೊದಲು ಟಿ.ವಿ.ಯ ಒಡಲನ್ನೂ ಆಮೇಲೆ ಸ್ವಲ್ಪ ಗಣಿತವನ್ನೂ ಕೊನೆಗೆ ಕಾನೂನನ್ನೂ ಅರಿಯಬೇಕು.

ತೆರೆಯ ಒಳಗೇನಿದೆ?

ನಮ್ಮ ಮನೆಗಳಲ್ಲಿರುವ ‘ಎಲ್.ಇ.ಡಿ. ಟಿ.ವಿ.’ಗಳಲ್ಲಿ ಹೆಚ್ಚಿನವು ನಿಜವಾಗಿ ಎಲ್.ಸಿ.ಡಿ. ಟಿ.ವಿ.ಗಳೇ. ಎಲ್.ಸಿ.ಡಿ. ಎಂದರೆ ದ್ರವಸ್ಫಟಿಕದ ತೆರೆ. ದ್ರವದಂತೆ ಹರಿಯುವ, ಆದರೆ ಸ್ಫಟಿಕದಂತೆ ಕ್ರಮವುಳ್ಳ ಈ ವಸ್ತುವನ್ನು 1888ರಲ್ಲಿ ಮೊದಲು ಗಮನಿಸಿದವನು ಆಸ್ಟ್ರಿಯದ ಸಸ್ಯವಿಜ್ಞಾನಿ ರೈನಿಟ್ಜರ್. ಈ ಕಥೆಯಲ್ಲಿ ನಮ್ಮ ನೆರೆಯ ಬೆಂಗಳೂರಿಗೂ ಪಾಲಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್ ಮತ್ತು ಅವರ ಸಂಗಡಿಗರು 1977ರಲ್ಲಿ ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು ತೋರಿಸಿಕೊಟ್ಟರು. ಮುಂದೆ ಇಂಥ ಅಣುಗಳಿಂದ ಮಾಡಿದ ಪೊರೆಗಳು, ಓರೆಯಾಗಿ ಕುಳಿತವನಿಗೂ ತೆರೆ ಚೆನ್ನಾಗಿ ಕಾಣುವಂತೆ ಮಾಡಲು ಬಳಕೆಗೆ ಬಂದವು.

ದ್ರವಸ್ಫಟಿಕಕ್ಕೆ ಸ್ವಂತ ಬೆಳಕಿಲ್ಲ. ಅದು ಕಿಟಕಿಯ ಪರದೆಯಿದ್ದ ಹಾಗೆ. ಹಿಂದಿನ ಬೆಳಕನ್ನು ಬಿಡುತ್ತದೆ ಅಥವಾ ತಡೆಯುತ್ತದೆ. ಹಿಂದೆ ಬೆಳಕು ಕೊಡುವುದು ಎಲ್.ಇ.ಡಿ. ದೀಪಗಳ ಪಟ್ಟಿ. ಇದರ ಜೊತೆಗೆ ವಿದ್ಯುತ್ತನ್ನು ಹದಗೊಳಿಸುವ ಪವರ್ ಬೋರ್ಡು, ಚಿತ್ರ ಧ್ವನಿಗಳನ್ನು ಸಿದ್ಧಪಡಿಸುವ ಮೇನ್ ಬೋರ್ಡು, ಚಿತ್ರವನ್ನು ತೆರೆಗೆ ಹಂಚುವ ಟೀಕಾನ್ ಬೋರ್ಡು ಇರುತ್ತವೆ. ಮುಂದೆ ಕಾಣುವ ತೆರೆಗೆ ಪ್ಯಾನೆಲ್ ಎಂದು ಹೆಸರು. ಟಿ.ವಿ.ಯ ಬೆಲೆಯಲ್ಲಿ ಸಿಂಹಪಾಲು ಈ ಪ್ಯಾನೆಲ್ಲಿನದೇ.

ಕಾಯಿಲೆಯ ಲಕ್ಷಣಗಳು

ವೈದ್ಯರು ನಾಡಿ ನೋಡುವಂತೆ ನಾವೂ ಹೊರಗಿನಿಂದಲೇ ಕೆಲವನ್ನು ತಿಳಿಯಬಹುದು.

1. ಕೆಂಪು ದೀಪವೂ ಉರಿಯುತ್ತಿಲ್ಲ. ಮೊದಲು ಪ್ಲಗ್ಗು, ಸ್ವಿಚ್ಚು, ವೈರುಗಳನ್ನು ನೋಡಿ. ಅವು ಸರಿಯಿದ್ದರೆ ಪವರ್ ಬೋರ್ಡಿನ ದೋಷವಿರಬಹುದು. ಇದನ್ನು ಹೆಚ್ಚಾಗಿ ದುರಸ್ತಿ ಮಾಡಬಹುದು.

2. ಮಾತು ಕೇಳುತ್ತದೆ, ಚಿತ್ರವಿಲ್ಲ. ಕೋಣೆಯನ್ನು ಕತ್ತಲೆ ಮಾಡಿ, ಟಾರ್ಚನ್ನು ತೆರೆಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಚಲಿಸುವುದು ಕಂಡರೆ ಪ್ಯಾನೆಲ್ ಬದುಕಿದೆ, ಹಿಂದಿನ ಬೆಳಕು ಹೋಗಿದೆ ಎಂದರ್ಥ. ಪಟ್ಟಿಯ ದೀಪಗಳು ಸರಣಿಯಲ್ಲಿ ಜೋಡಿಸಿದಂಥವು. ಒಂದರಲ್ಲಿ ಸಂಪರ್ಕ ಕಡಿದರೆ ಆ ಸಾಲೇ ಆರುತ್ತದೆ. ಭೌತಶಾಸ್ತ್ರದ ಪಾಠದಲ್ಲಿ ನೀವು ಓದಿದ ಸರಣಿ ಜೋಡಣೆ ಇದೇ.

3. ತೆರೆಯ ಮೇಲೆ ಉದ್ದ ಗೆರೆಗಳು, ಅರ್ಧ ಚಿತ್ರ. ಇದು ಪ್ಯಾನೆಲ್ಲಿನ ಅಥವಾ ಟೀಕಾನಿನ ದೋಷ. ಪ್ಯಾನೆಲ್ಲಿನದಾದರೆ ಖರ್ಚು ಹೊಸ ಟಿ.ವಿ.ಯ ಸಮೀಪಕ್ಕೆ ಹೋಗಬಹುದು.

4. ಕಂಪನಿಯ ಹೆಸರು ಕಾಣಿಸಿ ಅಲ್ಲಿಯೇ ನಿಲ್ಲುತ್ತದೆ. ಪ್ಲಗ್ಗನ್ನು ಕಿತ್ತು ಕೆಲವು ನಿಮಿಷ ಬಿಟ್ಟು ಹಾಕಿ. ಎಷ್ಟೋ ಸಲ ಇಷ್ಟರಿಂದಲೇ ಸರಿಹೋಗುತ್ತದೆ.

5. ‘ನೋ ಸಿಗ್ನಲ್’ ಎಂದು ಬರುತ್ತದೆ. ತಪ್ಪು ಹೆಚ್ಚಾಗಿ ಟಿ.ವಿ.ಯದಲ್ಲ, ಕೇಬಲ್ಲು, ಡಿಶ್ಶು ಅಥವಾ ಸೆಟ್ ಟಾಪ್ ಬಾಕ್ಸನ್ನು ನೋಡಬೇಕು.

6. ರಿಮೋಟು ಕೆಲಸ ಮಾಡುತ್ತಿಲ್ಲ. ಮೊಬೈಲಿನ ಕ್ಯಾಮೆರಾದ ಮುಂದೆ ಹಿಡಿದು ಗುಂಡಿ ಒತ್ತಿ. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಅನೇಕ ಕ್ಯಾಮೆರಾಗಳಲ್ಲಿ ಮಿನುಗಿ ಕಾಣುತ್ತದೆ. ಮಿನುಗಿದರೆ ರಿಮೋಟು ಸರಿಯಿದೆ. ಈ ಪರೀಕ್ಷೆ ಅವಕೆಂಪು ಬೆಳಕಿನ ರಿಮೋಟುಗಳಿಗೆ ಮಾತ್ರ.

ಒಂದು ಎಚ್ಚರಿಕೆ: ಹಿಂಭಾಗದ ಮುಚ್ಚಳವನ್ನು ಎಂದಿಗೂ ಬಿಚ್ಚಬೇಡಿ. ಮನೆಯ 230 ವೋಲ್ಟಿನ ವಿದ್ಯುತ್ತು ಪವರ್ ಬೋರ್ಡಿನಲ್ಲಿ 300 ವೋಲ್ಟಿಗೂ ಮೀರಿ ಸಂಗ್ರಹವಾಗಿರುತ್ತದೆ. ಪ್ಲಗ್ಗು ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿದಿರಬಹುದು. ಬಿಚ್ಚಿದ ಟಿ.ವಿ.ಗೆ ವಾರಂಟಿಯೂ ಸಾಮಾನ್ಯವಾಗಿ ಸಿಗದು.

ಬಾರದಂತೆ ತಡೆಯುವುದೇ ಮೇಲು. ಏಪ್ರಿಲ್, ಮೇ ತಿಂಗಳಿನ ಗುಡುಗು ಮಳೆಯಲ್ಲಿ ಪ್ಲಗ್ಗನ್ನೂ ಡಿಶ್ಶಿನ ವೈರನ್ನೂ ಕಿತ್ತಿಡಿ. ತೆರೆಗೆ ನೀರು ಚಿಮುಕಿಸಬೇಡಿ. ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿ. ಬೆಳಕನ್ನು ಸದಾ ಪೂರ್ತಿ ಏರಿಸಿ ನೋಡಬೇಡಿ. ದೀಪದ ಪಟ್ಟಿಯ ಆಯುಸ್ಸು ಅದರಿಂದ ಕುಂದುತ್ತದೆ. ಟಿ.ವಿ.ಯ ಮುಂದೆ ಚೆಂಡಾಟ ಬೇಡ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಪ್ಯಾನೆಲ್ಲಿಗೆ ಸರಿಯಾಗಿ ಒಪ್ಪುತ್ತದೆ. ಪೆಟ್ಟು ಬಿದ್ದು ಒಡೆದ ತೆರೆ ಸಾಮಾನ್ಯ ವಾರಂಟಿಗೆ ಸೇರದು.

ಗಣಿತ ಏನು ಹೇಳುತ್ತದೆ?

ಮಾರಾಟದ ಬೆಲೆಯಲ್ಲಿಯೇ ಕಂಪನಿಯ ವಾರಂಟಿ, ಸಾಮಾನ್ಯವಾಗಿ ಒಂದು ವರ್ಷದ್ದು, ಸೇರಿರುತ್ತದೆ. ಹೆಚ್ಚುವರಿ ವಾರಂಟಿಗೆ ಬೇರೆ ಹಣ. ಯಂತ್ರಗಳ ಬಾಳಿನಲ್ಲಿ ಮೂರು ಘಟ್ಟಗಳಿವೆ. ತಯಾರಿಕೆಯ ದೋಷವಿದ್ದರೆ ಅದು ಬಹುಮಟ್ಟಿಗೆ ಮೊದಲ ತಿಂಗಳುಗಳಲ್ಲಿಯೇ ಹೊರಬೀಳುತ್ತದೆ. ನಡುವಿನ ವರ್ಷಗಳಲ್ಲಿ ಕೆಡುವುದು ಕಡಿಮೆ. ಕೊನೆಯಲ್ಲಿ ಸವಕಳಿಯಿಂದ ಮತ್ತೆ ಹೆಚ್ಚುತ್ತದೆ. ಮೊದಲ ಘಟ್ಟವನ್ನು ಕಂಪನಿಯ ವಾರಂಟಿಯೇ ಕಾಯುತ್ತದೆ. ನಾವು ಹೆಚ್ಚಿಗೆ ಹಣ ಕೊಟ್ಟು ಕೊಳ್ಳುವುದು ಹೆಚ್ಚಾಗಿ ನಡುವಿನ, ಕಡಿಮೆ ಅಪಾಯದ ವರ್ಷಗಳನ್ನು.

ಒಂದು ಲೆಕ್ಕ ಮಾಡೋಣ. ಇವು ಲೆಕ್ಕಕ್ಕಾಗಿ ಹಿಡಿದ ಅಂಕಿಗಳು. ಒಂದು ತರಗತಿಯ 40 ಮನೆಯವರು ತಲಾ ರೂ. 2,000 ಕೊಟ್ಟು ಎರಡು ವರ್ಷದ ಹೆಚ್ಚುವರಿ ವಾರಂಟಿ ಪಡೆದರೆಂದು ಭಾವಿಸಿ. ಒಟ್ಟು ರೂ. 80,000. ಆ ಎರಡು ವರ್ಷಗಳಲ್ಲಿ 5 ಟಿ.ವಿ.ಗಳು ಕೆಟ್ಟವು, ನಾಲ್ಕರ ದುರಸ್ತಿಗೆ ತಲಾ ರೂ. 3,000, ಒಂದರ ಪ್ಯಾನೆಲ್ಲಿಗೆ ರೂ. 12,000. ಒಟ್ಟು ಖರ್ಚು ರೂ. 24,000. ಮಿಕ್ಕ ರೂ. 56,000 ಯಾರಿಗೆ ಹೋಯಿತು? ವಾರಂಟಿ ಮಾರಿದವರಿಗೆ. ಒಂದು ದುರಸ್ತಿಯ ಸರಾಸರಿ ರೂ. 4,800. ಈ ದರದಲ್ಲಿ 40 ಮನೆಯವರ ಹಣ ಅವರಿಗೇ ಮರಳಬೇಕಾದರೆ 17 ಟಿ.ವಿ.ಗಳಾದರೂ ಕೆಡಬೇಕು!

ಹಾಗಾದರೆ ಯಾರೂ ಕೊಳ್ಳಲೇಬಾರದೆ? ಹಾಗಲ್ಲ. ದಿನಗೂಲಿಯಿಂದ ಬದುಕುವ ಮನೆಗೆ ಒಮ್ಮೆಲೇ ಹನ್ನೆರಡು ಸಾವಿರ ಹೊಂದಿಸುವುದು ಕಷ್ಟ. ಎರಡು ಸಾವಿರ ಕೊಟ್ಟು ನೆಮ್ಮದಿ ಕೊಳ್ಳುವುದರಲ್ಲಿ ತಪ್ಪಿಲ್ಲ. ತುಂಬ ಬೆಲೆಯ ದೊಡ್ಡ ಟಿ.ವಿ.ಗೂ, ಪ್ಯಾನೆಲ್ ಸೇರಿದ್ದರೆ, ಅದು ತಕ್ಕುದಾಗಬಹುದು. ಆದರೆ ಸಣ್ಣ ಟಿ.ವಿ.ಗೆ ಆ ಹಣವನ್ನು ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಇಡುವುದೇ ಲೇಸು. ಕೆಟ್ಟರೆ ದುರಸ್ತಿಗೆ ಆಯಿತು. ಕೆಡದಿದ್ದರೆ ನಿಮ್ಮದೇ ಉಳಿಯಿತು. ಕಂತಿನಲ್ಲಿ ಕೊಳ್ಳುವವರು ಇನ್ನೊಂದನ್ನು ನೋಡಬೇಕು: ವಾರಂಟಿಯ ಹಣ ಹೇಳದೆಯೇ ಕಂತಿನೊಳಗೆ ಸೇರಿರುವುದುಂಟು.

ನನ್ನ ಅನುಭವ

2021ರ ದೀಪಾವಳಿಯಲ್ಲಿ ಬೆಂಗಳೂರಿನ ಒಂದು ಅಂಗಡಿಯಿಂದ 32 ಅಂಗುಲದ ಟಿ.ವಿ. ತಂದೆ. ರೂ. 1,999 ಕೊಟ್ಟು ಎರಡು ವರ್ಷದ ಹೆಚ್ಚುವರಿ ವಾರಂಟಿಯನ್ನೂ ಹಾಕಿಸಿದೆ. 2024ರ ಯುಗಾದಿಯ ಹೊತ್ತಿಗೆ ಚಿತ್ರ ಹೋಯಿತು, ಮಾತು ಉಳಿಯಿತು. ಬೀರುವಿನಿಂದ ಬಿಲ್ಲು ತೆಗೆದು ನೋಡಿದರೆ ಬರಿ ಬಿಳಿ ಕಾಗದ! ಶಾಖದಿಂದ ಅಚ್ಚಾಗುವ ಆ ಕಾಗದದ ಅಕ್ಷರಗಳು ಮಾಸಿಹೋಗಿದ್ದವು. “ಬಿಲ್ಲಿಲ್ಲದೆ ಆಗದು” ಎಂದರು ಅಂಗಡಿಯವರು. ರಜೆ ಹಾಕಿ ಎರಡು ಸಲ ಅತ್ತಿಬೆಲೆ ದಾಟಿ ಹೋಗಿ ಬರಿಗೈಲಿ ಬಂದೆ. ಕೊನೆಗೆ ಬ್ಯಾಂಕಿನ ಪಾಸ್‌ಬುಕ್ಕಿನ ನಕಲನ್ನಿಟ್ಟು, ಗ್ರಾಹಕರ ಆಯೋಗಕ್ಕೆ ಹೋಗಬೇಕಾದೀತೆಂದು ಬರೆದ ಮೇಲೆ, ಮೂವತ್ತೈದನೆಯ ದಿನ ದೀಪದ ಪಟ್ಟಿ ಬದಲಾಯಿತು. ಅದೇ ತಿಂಗಳು ನಮ್ಮ ಬೀದಿಯವರೊಬ್ಬರ ಟಿ.ವಿ.ಗೂ ಅದೇ ಕಾಯಿಲೆ. ವಾರಂಟಿಯಿಲ್ಲದ ಅವರು ಊರಿನ ಮೆಕ್ಯಾನಿಕ್ಕಿಗೆ ರೂ. 2,400 ಕೊಟ್ಟು ಎರಡೇ ದಿನದಲ್ಲಿ ಸರಿಮಾಡಿಸಿಕೊಂಡರು. ನನ್ನ ಲಾಭ ರೂ. 401. ಬಸ್ಸಿನ ಖರ್ಚನ್ನೂ ರಜೆಯನ್ನೂ ಕಳೆದರೆ ಏನು ಉಳಿಯಿತೆಂದು ನೀವೇ ಹೇಳಿ.

ಗಡಿಯವರು ತಿಳಿಯಬೇಕಾದ ಕಾನೂನು

ನಮ್ಮ ಕಡೆಯವರು ಬೆಂಗಳೂರಿನಲ್ಲಿ ಕೊಳ್ಳುವುದು ಸಾಮಾನ್ಯ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಎದುರು ಪಕ್ಷದವರು ಇರುವ ಅಥವಾ ವ್ಯವಹಾರ ನಡೆದ ಕಡೆ ದೂರು ಕೊಡಬೇಕಾಗಿತ್ತು. ಅದರ ಸ್ಥಾನದಲ್ಲಿ ಬಂದ 2019ರ ಕಾಯಿದೆಯು 2020ರ ಜುಲೈ 20ರಿಂದ ಜಾರಿಯಲ್ಲಿದೆ. ಇದರಂತೆ ಗ್ರಾಹಕನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಎಂದರೆ ಬಿಲ್ಲು ಬೆಂಗಳೂರಿನದಾದರೂ ಕೃಷ್ಣಗಿರಿ ಜಿಲ್ಲೆಯವರು ತಮ್ಮ ಜಿಲ್ಲೆಯಲ್ಲಿಯೇ ನ್ಯಾಯ ಕೇಳಬಹುದು. ಐದು ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿ ನೋಡಬಹುದು.

ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳು ಐದು: ವಾರಂಟಿ ಕೊಡುವವರು ಕಂಪನಿಯೋ, ಅಂಗಡಿಯೋ, ಬೇರೆ ಸಂಸ್ಥೆಯೋ? ಪ್ಯಾನೆಲ್ ಸೇರಿದೆಯೇ? ಸಿಡಿಲು, ವೋಲ್ಟೇಜಿನ ಏರಿಳಿತದ ಹಾನಿ ಸೇರಿದೆಯೇ? ವರ್ಷ ಕಳೆದಂತೆ ಪರಿಹಾರದ ಮೊತ್ತ ಇಳಿಯುತ್ತದೆಯೇ? ಮೆಕ್ಯಾನಿಕ್ಕು ಹೊಸೂರಿಗೆ ಬರುತ್ತಾನೆಯೇ? ಉತ್ತರಗಳು ಬಾಯಿಮಾತಿನಲ್ಲಿರದೆ ಕಾಗದದಲ್ಲಿರಬೇಕು. ಬಿಲ್ಲನ್ನು ಅಂದೇ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಮಕ್ಕಳೇ, ನಾವು ಓದುವುದು ಕನ್ನಡದಲ್ಲಿ. ಕಚೇರಿಯ ಕಾಗದ ತಮಿಳಿನಲ್ಲಿ. ವಾರಂಟಿಯ ಸಣ್ಣ ಅಕ್ಷರಗಳು ಇಂಗ್ಲಿಷಿನಲ್ಲಿ. ಅನೇಕ ಮನೆಗಳಲ್ಲಿ ಆ ಮೂರನ್ನೂ ಓದಬಲ್ಲವರು ನೀವೊಬ್ಬರೇ. ನಿಮ್ಮ ತಂದೆತಾಯಿ ಸಹಿ ಹಾಕುವ ಮೊದಲು ಆ ಕಾಗದವನ್ನು ಓದಿ, ಅದರ ಅರ್ಥವನ್ನು ಮನೆಯ ಮಾತಿನಲ್ಲಿ ಹೇಳಿ. ಕಲಿತ ವಿದ್ಯೆ ಮನೆಗೆ ಉಪಯೋಗವಾಗುವುದು ಹೀಗೆಯೇ.

ಅಭ್ಯಾಸ: ನಿಮ್ಮ ಮನೆಯ ಯಾವುದಾದರೂ ಒಂದು ಉಪಕರಣದ ವಾರಂಟಿ ಕಾರ್ಡನ್ನು ಓದಿ, ಅದರಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂಬುದನ್ನು ಕನ್ನಡದಲ್ಲಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.