ನಿಂಬೆ ಸಿಪ್ಪೆ, ಕಡ್ಲೇಬೀಜ, ಹುರಿಹಿಟ್ಟು: ಬೇಯಿಸದೆ ಮಾಡುವ ಎನರ್ಜಿ ಉಂಡೆ

ಇಂಟರ್ನಲ್ಸ್ ವಾರ ಬಂತು ಅಂದ್ರೆ ಹಾಸ್ಟೆಲ್‌ನಲ್ಲಿ ಮೊದಲು ಬಿಟ್ಟುಹೋಗೋದು ಬೆಳಗಿನ ತಿಂಡಿ. ರಾತ್ರಿ ಎರಡು ಗಂಟೆವರೆಗೂ ಓದು, ಬೆಳಗ್ಗೆ ಮೆಸ್ ಮುಚ್ಚೋ ಹೊತ್ತಿಗೆ ಏಳೋದು, ಹನ್ನೊಂದು ಗಂಟೆಗೆ ಲ್ಯಾಬ್‌ನಲ್ಲಿ ರೀಡಿಂಗ್ ತಗೊಳ್ಳುವಾಗ ಹೊಟ್ಟೆ ಚುರುಗುಟ್ಟೋದು. ಆಗ ಕ್ಯಾಂಟೀನಿಗೆ ಓಡಿ ಒಂದು ಬಿಸ್ಕತ್ ಪ್ಯಾಕೆಟ್ಟೋ, ಮಿಂಚುವ ಕವರಿನ ಎನರ್ಜಿ ಬಾರೋ ತಗೋತೀವಿ. ಅಂಥ ಎಷ್ಟೋ ಬಾರ್‌ಗಳ ಕವರ್ ಹಿಂದೆ ಸಣ್ಣ ಅಕ್ಷರದಲ್ಲಿ ಏನಿರುತ್ತೆ ಅಂತ ಓದಿದ್ದೀರಾ? ಕಡ್ಲೇಬೀಜ, ಎಳ್ಳು, ಸಕ್ಕರೆ ಪಾಕ, ಆರೆಂಜ್ ಅಥವಾ ಲೆಮನ್ ಫ್ಲೇವರ್.

ನಾವು ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯವರು. ಕಡ್ಲೇಕಾಯಿ ಬೆಳೆಯೋ ಸೀಮೆ ನಮ್ಮದು. ಪಾವಗಡದ ತೆಲುಗು ಮಾತಾಡೋ ಮನೆಗಳಲ್ಲಿ ಅದನ್ನೇ ಶನಕ್ಕಾಯಲು ಅಂತಾರೆ. ನಮ್ಮೂರಿನ ಹೊಲದಿಂದ ಮೂಟೆಯಲ್ಲಿ ಹೋದ ಕಾಯಿ, ಕವರ್ ಹಾಕ್ಕೊಂಡು ಕ್ಯಾಂಟೀನಿಗೆ ವಾಪಸ್ ಬಂದಾಗ ನಾವೇ ದುಡ್ಡು ಕೊಟ್ಟು ತಗೋಬೇಕು. ಅದಕ್ಕೇ ಈ ಲೇಖನದಲ್ಲಿ ಆ ಬಾರನ್ನೇ ಉಂಡೆ ರೂಪದಲ್ಲಿ ಮನೆಯಲ್ಲಿ ಮಾಡೋದು ಹೇಗೆ ಅಂತ ನೋಡೋಣ. ಓವನ್ ಬೇಡ, ಪಾಕ ಹಿಡಿಯೋ ತಲೆನೋವಿಲ್ಲ. ಆದರೆ ಪ್ರತಿ ಹೆಜ್ಜೆಗೂ ಒಂದು ಕಾರಣ ಇದೆ. ಅದು ಗೊತ್ತಿದ್ರೆ ಅಳತೆಯನ್ನ ನೀವೇ ಬದಲಾಯಿಸಿಕೊಳ್ಳಬಹುದು.

ನಮ್ಮ ಕಡೆ ಇದು ಹೊಸದೇನಲ್ಲ

'ನೋ-ಬೇಕ್ ಎನರ್ಜಿ ಬೈಟ್ಸ್' ಅನ್ನೋ ಹೆಸರು ಹೊಸದು, ಕೆಲಸ ಹಳೇದು. ಶ್ರಾವಣದಲ್ಲಿ ನಾಗರ ಹಬ್ಬಕ್ಕೆ ನಮ್ಮ ಮನೆಗಳಲ್ಲಿ ಚಿಗಳಿ, ತಂಬಿಟ್ಟು ಮಾಡ್ತಾರೆ. ಎಳ್ಳು ಬೆಲ್ಲ ಸೇರಿಸಿ ಕುಟ್ಟಿ ಉಂಡೆ ಕಟ್ಟಿದ್ರೆ ಚಿಗಳಿ. ಆ ದಿನ ಕೆಲವು ಮನೆಗಳಲ್ಲಿ ಒಲೆ ಮೇಲೆ ಬಾಣಲೆಯನ್ನೇ ಇಡಲ್ಲ. ಇನ್ನೊಂದು ಚಿಗಳಿ ಮಕ್ಕಳದ್ದು: ಹುಣಸೆಹಣ್ಣು, ಬೆಲ್ಲ, ಜೀರಿಗೆ, ಉಪ್ಪು, ಖಾರ ಹಾಕಿ ಕುಟ್ಟಿ, ಕಡ್ಡಿಗೆ ಸಿಕ್ಕಿಸಿ ಚೀಪೋದು. ಎರಡಕ್ಕೂ ಒಂದು ಹನಿ ನೀರು ಹಾಕಲ್ಲ, ಇದನ್ನ ನೆನಪಿಟ್ಟುಕೊಳ್ಳಿ.

ಮೂರನೆಯದು ರಾಗಿ ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ, ಸ್ವಲ್ಪ ಆರಿಸಿ, ಚೆನ್ನಾಗಿ ಕಾದ ಬಾಣಲೆಗೆ ಹಾಕಿದ್ರೆ ಕಾಳಿನೊಳಗಿನ ನೀರು ಆವಿಯಾಗಿ ಅರಳು ಸಿಡಿಯುತ್ತೆ. ಆ ಬಿಸಿಗೆ ಒಳಗಿನ ಸ್ಟಾರ್ಚ್ ಕೂಡ ಬೇಯುತ್ತೆ. ಅರಳನ್ನ ಬೀಸಿದ್ರೆ ಹುರಿಹಿಟ್ಟು. ಅದನ್ನ ಹಾಗೇ ಬೆಲ್ಲ, ಕಾಯಿತುರಿ ಜೊತೆ ತಿನ್ನಬಹುದು. ಮುದ್ದೆ ಮಾಡೋ ಹಸಿ ರಾಗಿಹಿಟ್ಟನ್ನ ಹೀಗೆ ತಿನ್ನೋಕೆ ಆಗಲ್ಲ, ಅದು ಬೇಯಲೇಬೇಕು. ನಮ್ಮ ಉಂಡೆಗೆ ಹುರಿಹಿಟ್ಟೇ ಆಗಬೇಕು ಅನ್ನೋದು ಇದಕ್ಕೆ.

ಬೇಕಾದ ಸಾಮಾನು (ಸುಮಾರು 16 ಉಂಡೆಗೆ)

- ಹುರಿದು ಸಿಪ್ಪೆ ತೆಗೆದ ಕಡ್ಲೇಬೀಜ: 150 ಗ್ರಾಂ
- ರಾಗಿ ಹುರಿಹಿಟ್ಟು: 75 ಗ್ರಾಂ
- ಹುರಿದ ಎಳ್ಳು: 25 ಗ್ರಾಂ
- ತುರಿದ ಬೆಲ್ಲ: 125 ಗ್ರಾಂ
- ತುಪ್ಪ: 2 ಚಮಚ (10 ಗ್ರಾಂ)
- ನಿಂಬೆಹಣ್ಣು 2, ಕಿತ್ತಳೆ 1: ಹೊರಗಿನ ಸಿಪ್ಪೆಯ ತುರಿ ಮಾತ್ರ
- ಬೀಜ, ನಾರು ತೆಗೆದ ಒಣ ಹುಣಸೆಹಣ್ಣು: ನೆಲ್ಲಿಕಾಯಿ ಗಾತ್ರಕ್ಕಿಂತ ಕಮ್ಮಿ
- ಚಿಟಿಕೆ ಉಪ್ಪು, ಬೇಕಿದ್ರೆ ಏಲಕ್ಕಿ ಅಥವಾ ಒಣಶುಂಠಿ ಪುಡಿ

ಬೆಲ್ಲ ಉಂಡೆಬೆಲ್ಲವೋ ಅಚ್ಚುಬೆಲ್ಲವೋ ತುರಿದದ್ದು ಇರಲಿ. ಪ್ಯಾಕೆಟ್‌ನ ಒಣ ಪುಡಿಬೆಲ್ಲಕ್ಕೆ ಅಂಟು ಕಮ್ಮಿ. ಹೇರಳೆಕಾಯಿ ಸಿಕ್ಕಿದ್ರೆ ನಿಂಬೆ ಬದಲು ಅದರ ಸಿಪ್ಪೆ ಹಾಕಿ. ಚಿತ್ರಾನ್ನಕ್ಕೂ ಉಪ್ಪಿನಕಾಯಿಗೂ ಹಾಕೋದೇ, ಅದರ ಘಮಲೇ ಬೇರೆ.

ಮಾಡುವ ವಿಧಾನ

1. ಹಣ್ಣುಗಳನ್ನ ಬೆಚ್ಚಗಿನ ನೀರಲ್ಲಿ ಉಪ್ಪು ಹಾಕಿ ಉಜ್ಜಿ ತೊಳೆದು, ಬಟ್ಟೆಯಲ್ಲಿ ಪೂರ್ತಿ ಒರೆಸಿ. ಕನ್ನಡಿ ತರ ಹೊಳೆಯೋ ಕಿತ್ತಳೆ ಮೇಲೆ ಮೇಣ ಇರಬಹುದು, ಹೊಳಪಿಲ್ಲದ ನಾಟಿ ಹಣ್ಣು ಒಳ್ಳೇದು.

2. ಸಣ್ಣ ಕಣ್ಣಿನ ತುರಿಮಣೆಯಲ್ಲಿ ಬಣ್ಣದ ಭಾಗ ಮಾತ್ರ ತುರಿಯಿರಿ. ಬಿಳಿ ಭಾಗ ಕಂಡ ತಕ್ಷಣ ಹಣ್ಣು ತಿರುಗಿಸಿ, ಯಾಕಂದ್ರೆ ಅದು ಕಹಿ. ತುರಿಯನ್ನ ತಟ್ಟೆ ಮೇಲೆ ಹರಡಿ ಫ್ಯಾನ್ ಕೆಳಗೆ ಒಂದು ಗಂಟೆ ಬಿಡಿ. ಬಿಸಿಲಿಗೆ ಇಡಬೇಡಿ, ಪರಿಮಳ ಹಾರಿಹೋಗುತ್ತೆ.

3. ಆ ತುರಿಯನ್ನ ಬೆಲ್ಲದ ಜೊತೆ ಬೆರಳಲ್ಲಿ ಎರಡು ನಿಮಿಷ ಚೆನ್ನಾಗಿ ತಿಕ್ಕಿ. ಹುಣಸೆಹಣ್ಣನ್ನೂ ಚೂರು ಚೂರು ಮಾಡಿ ಇದರಲ್ಲೇ ಹಿಸುಕಿ.

4. ಕಡ್ಲೇಬೀಜವನ್ನ ಮಿಕ್ಸಿಗೆ ಹಾಕಿ ಬಿಟ್ಟು ಬಿಟ್ಟು ತಿರುಗಿಸಿ. ರವೆ ತರ ಆಗಿ, ಕೈಗೆ ಸ್ವಲ್ಪ ಜಿಡ್ಡು ತಾಗಿದಾಗ ನಿಲ್ಲಿಸಿ. ಒಂದೇ ಸಮ ಓಡಿಸಿದ್ರೆ ಪೀನಟ್ ಬಟರ್ ಆಗಿಬಿಡುತ್ತೆ.

5. ಹುರಿಹಿಟ್ಟು, ಎಳ್ಳು, ಬೆಲ್ಲದ ಮಿಶ್ರಣ, ಉಪ್ಪು ಸೇರಿಸಿ ಇನ್ನು ಎರಡು ಸುತ್ತು ಅಷ್ಟೇ. ತಟ್ಟೆಗೆ ಸುರಿದು, ತುಪ್ಪ ಹಾಕಿ ಕಲಸಿ.

6. ಮುಷ್ಟಿಯಲ್ಲಿ ಒತ್ತಿ ನೋಡಿ. ಹಿಡಿ ನಿಂತರೆ ಸಣ್ಣ ನಿಂಬೆ ಗಾತ್ರದ ಉಂಡೆ ಕಟ್ಟಿ. ಉದುರಿದ್ರೆ ನೀರು ಮಾತ್ರ ಹಾಕ್ಬೇಡಿ. ಇನ್ನೊಂದು ಸುತ್ತು ಮಿಕ್ಸಿಗೆ ಹಾಕಿ, ಬೀಜದ ಎಣ್ಣೆ ಹೊರಗೆ ಬಂದು ಹಿಡಿಯುತ್ತೆ. ಆಗಲೂ ಆಗದಿದ್ರೆ ಒಂದು ಚಮಚ ಜೇನುತುಪ್ಪ. ಮಧುಗಿರಿ ಹೆಸರಲ್ಲೇ ಜೇನಿದೆಯಲ್ಲ!

ಹಾಸ್ಟೆಲ್‌ನಲ್ಲಿ ಹೀಟರ್, ಸ್ಟವ್ ಇಟ್ಕೊಂಡ್ರೆ ವಾರ್ಡನ್ ಬಿಡಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಊರಿಗೆ ಹೋದಾಗ ಬೀಜ, ಎಳ್ಳು ಹುರಿಸಿಕೊಂಡು, ಹುರಿಹಿಟ್ಟು ಕಟ್ಟಿಸಿಕೊಂಡು ಬಂದ್ರೆ ಉಳಿದ ಕೆಲಸಕ್ಕೆ ಬೆಂಕಿಯೇ ಬೇಡ. ಮಿಕ್ಸಿ ಇಲ್ಲದಿದ್ರೆ ಬೀಜವನ್ನೂ ಊರಲ್ಲೇ ಪುಡಿ ಮಾಡಿಸಿ ತನ್ನಿ.

ರಸ ಯಾಕೆ ಬೇಡ, ಸಿಪ್ಪೆ ಯಾಕೆ ಬೇಕು

ನಿಂಬೆ ರುಚಿ ಬೇಕು ಅಂದ್ರೆ ರಸ ಹಿಂಡೋಣ ಅಂತ ಯಾರಿಗಾದರೂ ಅನಿಸುತ್ತೆ. ಆದರೆ ನಿಂಬೆರಸದಲ್ಲಿ ನೂರಕ್ಕೆ 90 ಭಾಗ ನೀರೇ. ಎರಡು ಹಣ್ಣಿನ ರಸ ಅಂದ್ರೆ ಸುಮಾರು 50 ಮಿಲಿ. ಇದನ್ನ 400 ಗ್ರಾಂ ಮಿಶ್ರಣಕ್ಕೆ ಸುರಿದ್ರೆ ಬೆಲ್ಲ ಕರಗುತ್ತೆ, ಹುರಿಹಿಟ್ಟು ನೀರು ಕುಡಿದು ಅಂಟಂಟಾಗುತ್ತೆ, ಮೂರ್ನಾಲ್ಕು ದಿನಕ್ಕೇ ಬೂಷ್ಟು ಹಿಡಿಯೋ ಸಾಧ್ಯತೆ ಇರುತ್ತೆ.

ಫುಡ್ ಟೆಕ್ನಾಲಜಿಯಲ್ಲಿ ಇದಕ್ಕೆ ವಾಟರ್ ಆಕ್ಟಿವಿಟಿ ಅಂತ ಒಂದು ಅಳತೆ ಇದೆ, 0ಯಿಂದ 1ರವರೆಗೆ. ಶುದ್ಧ ನೀರಿಗೆ 1. ಪದಾರ್ಥದಲ್ಲಿ ಒಟ್ಟು ಎಷ್ಟು ನೀರಿದೆ ಅನ್ನೋದಕ್ಕಿಂತ, ಸೂಕ್ಷ್ಮಜೀವಿಗಳ ಕೈಗೆ ಸಿಗೋ ಹಾಗೆ ಎಷ್ಟು ಬಿಡುವಾಗಿದೆ ಅನ್ನೋದನ್ನ ಇದು ಹೇಳುತ್ತೆ. 0.85ಕ್ಕಿಂತ ಕೆಳಗೆ ರೋಗ ತರುವ ಬ್ಯಾಕ್ಟೀರಿಯಾ ಬೆಳೆಯಲ್ಲ. 0.6ಕ್ಕಿಂತ ಕೆಳಗೆ ಬೂಷ್ಟು ಸೇರಿ ಏನೂ ಬೆಳೆಯಲ್ಲ. ಬೆಲ್ಲ ಇರೋ ಅಲ್ಪಸ್ವಲ್ಪ ನೀರನ್ನ ತಾನೇ ಹಿಡಿದಿಟ್ಟುಕೊಳ್ಳುತ್ತೆ. ಚಿಗಳಿ ಕೆಡದೆ ಇರೋದು ಹೀಗೆ. ಅಜ್ಜಿಯಂದಿರು 'ಒದ್ದೆ ಕೈ ಹಾಕ್ಬೇಡ್ವೋ' ಅಂತ ಬೈಯೋದರ ಹಿಂದೆ ಇರೋದೂ ಇದೇ.

ಹಾಗಾದ್ರೆ ನಿಂಬೆ ಪರಿಮಳ ಎಲ್ಲಿಂದ? ಸಿಪ್ಪೆಯಿಂದ. ಚಿಕ್ಕವರಿದ್ದಾಗ ಕಿತ್ತಳೆ ಸಿಪ್ಪೆ ಮಡಚಿ ಪಕ್ಕದವನ ಕಣ್ಣಿಗೆ ಹಿಂಡಿದ್ದು ಜ್ಞಾಪಕ ಇದೆಯಾ? ಚಿಮ್ಮಿದ್ದು ಸಿಪ್ಪೆಯ ಪುಟ್ಟ ಚೀಲಗಳಲ್ಲಿರೋ ಎಣ್ಣೆ. ಅದರಲ್ಲಿ ಹೆಚ್ಚಿನ ಪಾಲು ಲಿಮೊನೀನ್ ಅನ್ನೋ ಹೈಡ್ರೋಕಾರ್ಬನ್. ಅದು ನೀರಲ್ಲಿ ಕರಗಲ್ಲ, ಕೊಬ್ಬಲ್ಲಿ ಚೆನ್ನಾಗಿ ಕರಗುತ್ತೆ. ಬೆಲ್ಲದ ಜೊತೆ ತಿಕ್ಕಿದಾಗ ಅದರ ಹರಳುಗಳು ಉಪ್ಪುಕಾಗದದ ತರ ಆ ಚೀಲಗಳನ್ನ ಒಡೆಯುತ್ತವೆ. ಹೊರಬಂದ ಎಣ್ಣೆ ಕಡ್ಲೇಬೀಜದ, ತುಪ್ಪದ ಕೊಬ್ಬಿಗೆ ಸೇರಿ ಅಲ್ಲೇ ಉಳಿಯುತ್ತೆ. ಬೇಯಿಸಿದ್ರೆ ಬಿಸಿಗೆ ಹಾರಿಹೋಗ್ತಿತ್ತು. ಬೇಯಿಸದೆ ಮಾಡೋದರ ನಿಜವಾದ ಲಾಭ ಇದು.

ಸಿಪ್ಪೆ ಪರಿಮಳ ಕೊಡುತ್ತೆ, ಹುಳಿ ಕೊಡಲ್ಲ. ಹುಳಿಗೆ ಹುಣಸೆಹಣ್ಣು. ಅದು ನಿಂಬೆಯ ಜಾತಿಯದಲ್ಲ, ಅದರ ಹುಳಿ ಟಾರ್ಟಾರಿಕ್ ಆಸಿಡ್‌ನದು. ನೀರು ಸೇರಿಸದೆ ಹುಳಿ ಸೇರಿಸೋ ಉಪಾಯ ಅದೇ ಹಳೇ ಚಿಗಳಿಯದ್ದು. ಹುಣಸೆ ಮರಕ್ಕೆ ನಮ್ಮ ಕಡೆ ಕೊರತೆಯಿಲ್ಲ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟೋದೂ ಊರಿನ ಹುಣಸೆ ಮರಗಳ ಮೇಲೇ.

ಬೀಜ ಆರಿಸೋದನ್ನ ಬಿಡಬೇಡಿ

ಈ ಭಾಗ ಓದದೆ ಮುಂದೆ ಹೋಗ್ಬೇಡಿ. ಕಡ್ಲೇಕಾಯಿಗೆ ಆಸ್ಪರ್ಜಿಲಸ್ ಫ್ಲೇವಸ್ ಅನ್ನೋ ಬೂಷ್ಟು ತಗುಲಿದ್ರೆ ಅಫ್ಲಟಾಕ್ಸಿನ್ ಅನ್ನೋ ವಿಷ ಸೇರುತ್ತೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವುಗಳಿಗೆ ಹಾಕಿದ್ದ ಕಡ್ಲೇಕಾಯಿ ಹಿಂಡಿಯಲ್ಲಿ ಈ ವಿಷ ಇದ್ದದ್ದು ಪತ್ತೆಯಾಯ್ತು. ಇದು ಲಿವರನ್ನ ಹಾಳು ಮಾಡುತ್ತೆ, ಲಿವರ್ ಕ್ಯಾನ್ಸರಿಗೂ ಕಾರಣ ಆಗುತ್ತೆ.

ಕಾಯಿ ಬಲಿಯೋ ಹೊತ್ತಿಗೆ ಮಳೆ ಕೈಕೊಟ್ಟು ಮಣ್ಣು ಕಾದರೆ ಈ ಬೂಷ್ಟು ತಗುಲೋದು ಜಾಸ್ತಿ. ಪಾವಗಡ, ಮಧುಗಿರಿ, ಶಿರಾದಂಥ ಬರದ ಸೀಮೆಯಲ್ಲಿ ಬೆಳೆಯೋ ಕಾಯಿಗೆ ಈ ಮಾತು ನೇರವಾಗಿ ಅನ್ವಯಿಸುತ್ತೆ. ಕಿತ್ತ ಕಾಯಿಯನ್ನ ಸರಿಯಾಗಿ ಒಣಗಿಸದೆ ಮೂಟೆ ಕಟ್ಟಿದ್ರೂ ಅಷ್ಟೇ. ಹುರಿದ ಮಾತ್ರಕ್ಕೆ ಈ ವಿಷ ಪೂರ್ತಿ ಹೋಗಲ್ಲ.

ನಾವು ಮಾಡಬಹುದಾದದ್ದು ಇಷ್ಟು: ಹುರಿಯೋ ಮುಂಚೆ ಬೀಜವನ್ನ ಬಿಳಿ ಬಟ್ಟೆ ಮೇಲೆ ಹರಡಿ ಆರಿಸೋದು. ಸುಕ್ಕುಗಟ್ಟಿದ್ದು, ಬಣ್ಣ ಕೆಟ್ಟದ್ದು, ಹಸಿರು-ಹಳದಿ ಪುಡಿ ಕಂಡದ್ದು, ಹುಳ ಕೊರೆದದ್ದು ಎಲ್ಲಾ ಆಚೆಗೆ. ತಿನ್ನುವಾಗ ಒಂದು ಬೀಜ ಕಹಿ ಅನಿಸಿದ್ರೆ ಉಗಿದುಬಿಡಿ, ನುಂಗಬೇಡಿ. ಅಮ್ಮಂದಿರು ಮೊರ ಹಿಡಿದು ಕೂತು ಆರಿಸೋದನ್ನ ನೋಡಿದ್ದೀವಲ್ಲ, ಆ ಕೆಲಸಕ್ಕೆ ಇಷ್ಟು ಬೆಲೆ ಇದೆ.

'ಹೆಲ್ದಿ' ಅಂದ್ರೆ ಎಷ್ಟು?

ಲೆಕ್ಕ ಹಾಕಿ ನೋಡೋಣ. 100 ಗ್ರಾಂಗೆ ಕಡ್ಲೇಬೀಜ ಮತ್ತು ಎಳ್ಳು ಸುಮಾರು 570 ಕಿಲೋ ಕ್ಯಾಲೊರಿ, ಬೆಲ್ಲ 380, ರಾಗಿ 330, ತುಪ್ಪ 900. ನಮ್ಮ ಅಳತೆಗೆ ಗುಣಿಸಿ ಕೂಡಿದ್ರೆ ಒಟ್ಟು 1,800ರ ಆಸುಪಾಸು. 16ರಿಂದ ಭಾಗಿಸಿದ್ರೆ ಒಂದು ಉಂಡೆಗೆ ಹತ್ತಿರ ಹತ್ತಿರ 113 ಕಿಲೋ ಕ್ಯಾಲೊರಿ, 3 ಗ್ರಾಂ ಪ್ರೋಟೀನ್, ಮತ್ತು 8 ಗ್ರಾಂ ಬೆಲ್ಲ.

ಆ 8 ಗ್ರಾಂ ಮೇಲೆ ಕಣ್ಣಿಡಿ. ಬೆಲ್ಲ ಕೂಡ ಮುಖ್ಯವಾಗಿ ಸಕ್ಕರೆಯೇ. ಇಂಥ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯ ಶೇಕಡ 10ಕ್ಕಿಂತ ಕಮ್ಮಿ ಇರಲಿ, ಶೇಕಡ 5ಕ್ಕಿಂತ ಕಮ್ಮಿ ಆದ್ರೆ ಇನ್ನೂ ಒಳ್ಳೇದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2,000 ಕ್ಯಾಲೊರಿ ಊಟದಲ್ಲಿ ಶೇಕಡ 5 ಅಂದ್ರೆ 25 ಗ್ರಾಂ. ಮೂರು ಉಂಡೆಗೇ ಅದು ಮುಗಿದುಹೋಯ್ತು. ಆದ್ದರಿಂದ ದಿನಕ್ಕೆ ಎರಡು ಸಾಕು. ಶುಗರ್ ಇರೋ ಮನೆಯವರಿಗೆ 'ಬೆಲ್ಲದ್ದು, ಏನೂ ಆಗಲ್ಲ' ಅಂತ ಕೊಡಬೇಡಿ.

ನಿಂಬೆ ಇದೆ ಅಂತ ವಿಟಮಿನ್ ಸಿ ಸಿಗುತ್ತೆ ಅಂದುಕೊಳ್ಳೋದೂ ಬೇಡ. ಒಂದು ಉಂಡೆಗೆ ಬೀಳೋ ಸಿಪ್ಪೆ ತುರಿ ಅರ್ಧ ಗ್ರಾಂನಷ್ಟು. ತುರಿದು ಉಳಿದ ಹಣ್ಣಿದೆಯಲ್ಲ, ಕಿತ್ತಳೆ ತಿನ್ನಿ, ನಿಂಬೆಯಿಂದ ಪಾನಕ ಮಾಡಿ. ಆ ವಿಟಮಿನ್ ಸಿ ಜೊತೆಗಿದ್ರೆ ರಾಗಿ, ಎಳ್ಳಿನ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಹಿಡಿಯುತ್ತೆ.

ಇನ್ನೊಂದು ಮುಖ್ಯ ವಿಷಯ. ಕಡ್ಲೇಬೀಜ, ಎಳ್ಳು ಎರಡಕ್ಕೂ ಕೆಲವರಿಗೆ ಅಲರ್ಜಿ ಇರುತ್ತೆ, ಜೀವಕ್ಕೇ ಅಪಾಯ ಆಗೋವಷ್ಟು. ರೂಂಮೇಟ್ ಬಾಯಿಗೆ ಹಾಕೋ ಮುಂಚೆ ಒಂದು ಮಾತು ಕೇಳಿ.

ಇಟ್ಟುಕೊಳ್ಳೋದು

ಒಣಗಿದ ಸ್ಟೀಲ್ ಡಬ್ಬಿ, ಬಿಗಿ ಮುಚ್ಚಳ, ಒಣ ಕೈ. ಹೀಗಿದ್ರೆ ಒಂದು ವಾರ ಆರಾಮಾಗಿ ಇರುತ್ತೆ. ಮಳೆಗಾಲದಲ್ಲಿ ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತೆ, ಆಗ ಅರ್ಧ ಅಳತೆಯೇ ಮಾಡಿ. ಕಮಟು ವಾಸನೆ ಬಂದ್ರೆ ಕೊಬ್ಬು ಕೆಟ್ಟಿದೆ ಅಂತ ಅರ್ಥ, ಎಸೆಯಿರಿ.

ಬೆಳಗಿನ ತಿಂಡಿಗೆ ಇದು ಸಮ ಅಂತ ನಾವು ಹೇಳಲ್ಲ. ಮೆಸ್ಸಿನ ಇಡ್ಲಿ ತಪ್ಪಿದ ದಿನ ಹನ್ನೊಂದು ಗಂಟೆಯ ಲ್ಯಾಬ್ ದಾಟಿಸೋಕೆ ಎರಡು ಉಂಡೆ, ಒಂದು ಬಾಟಲ್ ನೀರು ಸಾಕು. ಮುಂದಿನ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಚಿಗಳಿಗೆ ಎಷ್ಟು ಎಳ್ಳಿಗೆ ಎಷ್ಟು ಬೆಲ್ಲ ಹಾಕ್ತಾರೆ ಅಂತ ಕೇಳಿ ಬರೆದುಕೊಂಡು ಬನ್ನಿ. ನಮ್ಮ ನಾಲ್ಕು ತಾಲ್ಲೂಕಿನ ಮನೆಗಳಲ್ಲೇ ಒಂದೊಂದು ಅಳತೆ ಇದೆ. ನಿಮ್ಮ ಊರಿನದ್ದನ್ನೂ ಕ್ಲಬ್ಬಿಗೆ ಕಳಿಸಿಕೊಡಿ, ಮುಂದಿನ ಸಂಚಿಕೆಯಲ್ಲಿ ಎಲ್ಲಾ ಸೇರಿಸಿ ಹಾಕೋಣ.